ಸೀನನಿಗೆ, ಲೇಹ್ ರಸ್ತೆಯ ಬಾಕಿ

ಲೋ ಸೀನಾ,

ವಾಟ್ಸಾಪ್‌ನಲ್ಲಿ ಬರೆದರೆ ನೀನು ಒಂದು ಹೆಬ್ಬೆರಳು ಒತ್ತಿ ಮುಗಿಸುತ್ತೀಯ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ಮರ್ಯಾದೆಗಾದರೂ ಪೂರ್ತಿ ಓದುತ್ತೀಯ. ಬೆಲ್ಲದ ಡಬ್ಬಿಯ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಮನಾಲಿಯಿಂದ ಲೇಹ್‌ಗೆ ಹೋದ ಕಥೆ ಹೇಳು ಅಂತ ನೀನು ಮೂರು ಸಲ ಕೇಳಿದೆ. ಮೂರು ಸಲವೂ ನಾನು ‘ಸೂಪರ್ ಇತ್ತು ಕಣೋ’ ಅಂದು ಜಾರಿಕೊಂಡೆ. ಈಗ ಹೇಳುತ್ತೇನೆ, ಕೇಳು.

ಒಟ್ಟು ಹತ್ತಿರ ಹತ್ತಿರ 430 ಕಿ.ಮೀ. ಮೊದಲೆಲ್ಲ ಶುರುವಿನಲ್ಲೇ ರೋಹ್ತಾಂಗ್ ಪಾಸ್ ಹತ್ತಬೇಕಿತ್ತು, 3,978 ಮೀಟರ್. ಈಗ ಬೆಟ್ಟದ ಹೊಟ್ಟೆಯೊಳಗೆ 9.02 ಕಿ.ಮೀ. ಉದ್ದದ ಅಟಲ್ ಸುರಂಗ ಇದೆ. 2020ರ ಅಕ್ಟೋಬರ್ 3ರಂದು ತೆರೆದರು. ದಾರಿ 46 ಕಿ.ಮೀ. ಕಡಿಮೆಯಾಯಿತು. ಅಗೆಯುವಾಗ ಸೇರಿ ನಾಲಾ ಅನ್ನೋ ಹಳ್ಳದ ನೀರು ಒಳಗೆ ನುಗ್ಗಿ, ಅರ್ಧ ಕಿಲೋಮೀಟರ್ ಚಿಲ್ಲರೆ ಜಾಗ ದಾಟೋಕೆ ವರ್ಷಗಟ್ಟಲೆ ಒದ್ದಾಡಿದರು. ನಾನು ಅದನ್ನು ಚ್ಯೂಯಿಂಗ್ ಗಮ್ ಜಗಿಯುತ್ತಾ ದಾಟಿದೆ. ಒಳಗೆ ಹೋಗುವಾಗ ದೇವದಾರು ಮರ, ತುಂತುರು ಮಳೆ. ಹೊರಗೆ ಬಂದರೆ ಬಿಸಿಲು, ಬೋಳು ಗುಡ್ಡ. ಯಾರೋ ಚಾನೆಲ್ ಬದಲಾಯಿಸಿದ ಹಾಗೆ.

ತಾಂಡಿಯಲ್ಲಿ ಚಂದ್ರಾ, ಭಾಗಾ ಎರಡೂ ನದಿ ಸೇರುತ್ತವೆ. ಅದೇ ಮುಂದೆ ಚೆನಾಬ್. ಅಲ್ಲಿನ ಪೆಟ್ರೋಲ್ ಬಂಕಿನಲ್ಲಿ ‘ಮುಂದಿನ ಬಂಕ್ 365 ಕಿ.ಮೀ.’ ಅನ್ನೋ ಬೋರ್ಡ್ ಇದೆಯಲ್ಲ, ಅದರ ಮುಂದೆ ಫೋಟೋ ತೆಗೆಸಿಕೊಳ್ಳದೆ ಹೋದರೆ ಪಾಪ ಸುತ್ತಿಕೊಳ್ಳುತ್ತೆ. ನಾನು ಹನ್ನೊಂದು ತೆಗೆಸಿಕೊಂಡೆ. ಎಡವಟ್ಟಾಗಿದ್ದು ಅಲ್ಲೇ.

ಯಾಕೆ ಗೊತ್ತಾ? ಆ ದಾರಿಯ ಹಳ್ಳಗಳನ್ನು ಬೆಳಗ್ಗೆಯೇ ದಾಟಬೇಕು. ಬಿಸಿಲೇರಿದಂತೆ ಮೇಲೆ ಹಿಮ ಕರಗಿ, ಬೆಳಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನಕ್ಕೆ ಮೊಣಕಾಲಿಗೆ ಬಂದಿರುತ್ತೆ. ಕೇಲಾಂಗ್, ಜಿಸ್ಪಾ, ದಾರ್ಚಾ ಎಲ್ಲಾ ಕಡೆ ಪೋಸ್ ಕೊಟ್ಟುಕೊಂಡು ನಾನು ಜಿಂಗ್‌ಜಿಂಗ್ ಬಾರ್ ಹತ್ತಿರ ಬಂದಾಗ ಮೂರು ಗಂಟೆ. (ಹೆಸರು ಕೇಳಿ ಕುಣಿಯಬೇಡ. ಅಲ್ಲಿ ನೀನು ಅಂದುಕೊಂಡ ಥರದ ಬಾರ್ ಇಲ್ಲ.)

‘ಒಂದೇ ಏಟಿಗೆ ದಾಟಿದೆ’ ಅಂತ ನಿನಗೆ ಹೇಳಿದ್ದೆನಲ್ಲ, ಆ ಹಳ್ಳ. ಸುಳ್ಳು. ಮಧ್ಯದಲ್ಲಿ ಕಲ್ಲಿಗೆ ಚಕ್ರ ಸಿಕ್ಕಿ ಬೈಕ್ ಸಮೇತ ಮಗುಚಿದೆ. ರಸ್ತೆ ಕೆಲಸದ ಮೂರು ಜನ ಸನಿಕೆ ಬಿಸಾಡಿ ಓಡಿ ಬಂದರು. ಇಬ್ಬರು ಬೈಕ್ ಎತ್ತಿದರು, ಒಬ್ಬ ನನ್ನನ್ನು ಎತ್ತಿದ. ಅವನೇ ತಗಡಿನ ಶೆಡ್ಡಿಗೆ ಕರೆದುಕೊಂಡು ಹೋಗಿ ಸ್ಟವ್ ಪಕ್ಕ ಕೂರಿಸಿ ಟೀ ಕೊಟ್ಟ. ನನ್ನ ಕೈ ನಡುಗಿ ಲೋಟ ಹಿಡಿಯೋಕೆ ಆಗಲಿಲ್ಲ. ಅವನೇ ಹಿಡಿದುಕೊಂಡ. ಕುದಿಯುವ ಟೀ, ಸ್ಟೀಲ್ ಲೋಟ, ಅವನಿಗೆ ಬಿಸಿಯೇ ತಾಗಲಿಲ್ಲ. ಅಂಗೈಯ ಗೆರೆಗಳಲ್ಲೆಲ್ಲ ಡಾಂಬರು ಕೂತಿತ್ತು, ಯಾರೋ ಪೆನ್ನಿನಲ್ಲಿ ತಿದ್ದಿದ ಹಾಗೆ.

ಊರು ದುಮ್ಕಾ ಅಂದ. ಜಾರ್ಖಂಡ್. ಲಡಾಖ್ ಕಡೆ ರಸ್ತೆ ಕೆಲಸಕ್ಕೆ ಅಲ್ಲಿಂದ ಜನ ಬರೋದು ಎಷ್ಟೋ ವರ್ಷದ ರೂಢಿ. ಹಿಮ ಕಡಿದು ದಾರಿ ತೆರೆದ ಮೇಲೆ ಬರುತ್ತಾರೆ, ಮತ್ತೆ ಹಿಮ ಬೀಳುವ ಮುಂಚೆ ಹೊರಡುತ್ತಾರೆ. ಚಳಿಗಾಲದಲ್ಲಿ ರಸ್ತೆ ಕಿತ್ತುಹೋಗಿರುತ್ತೆ, ಮುಂದಿನ ವರ್ಷ ಅದೇ ಜಾಗಕ್ಕೆ ಮತ್ತೆ ಜಲ್ಲಿ, ಮತ್ತೆ ಡಾಂಬರು. ‘ಬೆಂಗಳೂರಲ್ಲಿ ಮೆಟ್ರೋ ಕೆಲಸ ಸಿಗುತ್ತಾ?’ ಅಂತ ಕೇಳಿದ. ವಿಚಾರಿಸಿ ಹೇಳುತ್ತೇನೆ ಅಂದೆ. ಆಮೇಲೆ ಬೈಕ್ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಂಡ. ಮನೆಗೆ ಕಳಿಸಬೇಕಂತೆ. ನಂಬರ್ ಕೊಟ್ಟ.

ಈಗ ಹೇಳು, ನಿನ್ನ ಫೋನಿನ ವಾಲ್‌ಪೇಪರ್ ಯಾವುದು? ‘ನಾನು, ನನ್ನ ಬೈಕ್, ಖಾಲಿ ರಸ್ತೆ’ ಅಂತ ಹಾಕಿದ್ದೆನಲ್ಲ, ಅದೇ ತಾನೇ? ಅದೇ ಫೋಟೋ ಕಣೋ. ಬಲಗಡೆ ಅವನು ನಿಂತಿದ್ದ. ಕತ್ತರಿಸಿದೆ.

ಹೋದ ವಾರ ಫೋನ್ ತುಂಬಿತು ಅಂತ ಅಳಿಸುತ್ತಾ ಕೂತಿದ್ದಾಗ ಪೂರ್ತಿ ಫೋಟೋ ಸಿಕ್ಕಿತು. ಮಿಕ್ಕವನ್ನೂ ತೆಗೆದು ನೋಡಿದೆ. ಎಲ್ಲದರಲ್ಲೂ ರಸ್ತೆ ಖಾಲಿ. ಆದರೆ ಆ ದಾರಿಯಲ್ಲಿ ಖಾಲಿ ಅನ್ನೋ ಜಾಗವೇ ಜಾಸ್ತಿ ಇರಲಿಲ್ಲ. ತಿರುವಿಗೊಂದು ಡಾಂಬರು ಡ್ರಮ್, ಹೊಗೆ, ಮುಖಕ್ಕೆ ಬಟ್ಟೆ ಸುತ್ತಿಕೊಂಡ ಹೆಂಗಸರು. ನಾನೇ ಕೈಸನ್ನೆ ಮಾಡಿ ಸ್ವಲ್ಪ ಸರಿಯಿರಿ ಅಂದಿದ್ದೆ. ಸರಿದಿದ್ದರು.

ಇದನ್ನೂ ಕೇಳು. ಸರ್ಚು ದಾಟಿದ ಮೇಲೆ ಗಾಟಾ ಲೂಪ್ಸ್ ಬರುತ್ತೆ, 21 ತಿರುವು. ಅಲ್ಲಿ ಯಾವಾಗಲೋ ಕೆಟ್ಟು ನಿಂತ ಲಾರಿಯ ಕ್ಲೀನರ್ ನೀರಿಲ್ಲದೆ ಸತ್ತು ದೆವ್ವವಾಗಿದ್ದಾನೆ ಅಂತ ಕಥೆ. ಹೋಗುವವರೆಲ್ಲ ನೀರಿನ ಬಾಟಲಿ ಇಟ್ಟು, ಅದೇ ಒಂದು ಗುಡ್ಡೆಯಾಗಿದೆ. ನಾನೂ ಇಳಿದು, ಹೆಲ್ಮೆಟ್ ತೆಗೆದು, ಭಕ್ತಿಯಿಂದ ಒಂದು ಬಾಟಲಿ ಇಟ್ಟೆ. ಟೀ ಕೊಟ್ಟವನಿಗೆ ಫೋಟೋ ಕಳಿಸಿರಲಿಲ್ಲ. ಹತ್ತು ತಿಂಗಳಾಯಿತು, ಇನ್ನೂ ಕಳಿಸಿಲ್ಲ. ಮೊದಲು ನೆಟ್‌ವರ್ಕ್ ಇರಲಿಲ್ಲ. ಆಮೇಲೆ ಮರೆತೆ. ಆಮೇಲೆ ನಾಚಿಕೆ. ನಂಬರನ್ನು ‘ಜಿಂಗ್‌ಜಿಂಗ್ ಭಾಯ್’ ಅಂತ ಸೇವ್ ಮಾಡಿದ್ದೇನೆ. ಹೆಸರು ಕೇಳಿರಲೇ ಇಲ್ಲ ಸೀನಾ.

ಮುಂದಿನ ದಾರಿ ನಿನಗೇ ಗೊತ್ತು. ಪಾಂಗ್, ಮೋರೆ ಬಯಲು, 5,328 ಮೀಟರಿನ ತಂಗ್ಲಾಂಗ್ ಲಾ (ಲಾ ಅಂದರೆ ಪಾಸ್), ಉಪ್ಶಿಯಲ್ಲಿ ಸಿಂಧೂ. ತಲೆ ಸಿಡಿಯುತ್ತಿತ್ತು, ಏನೂ ಸರಿಯಾಗಿ ನೋಡಲಿಲ್ಲ. ಈಗ ದಾರ್ಚಾದಿಂದ ಇನ್ನೊಂದು ದಾರಿಯೂ ಇದೆ. ಶಿಂಕು ಲಾ ಮೇಲಿಂದ ಝನ್‌ಸ್ಕಾರ್‌ನ ಪದುಮ್, ಅಲ್ಲಿಂದ ನಿಮ್ಮು. ಅಲ್ಲೂ 4.1 ಕಿ.ಮೀ. ಸುರಂಗ, 15,800 ಅಡಿ ಎತ್ತರದಲ್ಲಿ. 2024ರ ಜುಲೈ 26ರಂದು ಮೊದಲ ಸ್ಫೋಟ ಮಾಡಿದರು. ಅದು ಮುಗಿದ ಮೇಲೆ ಹೋಗೋಣ ಅಂತೀಯ. ಅದನ್ನೂ ಚ್ಯೂಯಿಂಗ್ ಗಮ್ ಜಗಿಯುತ್ತಾ ದಾಟುತ್ತೇವೆ, ಅಲ್ವಾ?

ಸಾಕು. ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ. ಪೆಟ್ರೋಲ್ ಲೆಕ್ಕ ಕೊಟ್ಟು ಮುಗಿಸೋಣ ಅಂತ ಕೂತೆ.

ಪೂರ್ತಿ ಫೋಟೋ ಕಳಿಸುತ್ತಿದ್ದೇನೆ, ವಾಲ್‌ಪೇಪರ್ ಬದಲಾಯಿಸು. ಅದರಲ್ಲಿ ಅವನು ಹೀರೋ ಥರ ನಿಂತಿದ್ದಾನೆ. ನಾನು ಸೊಂಟದವರೆಗೆ ಒದ್ದೆಯಾಗಿ, ಇಂಗು ತಿಂದ ಮಂಗನ ಹಾಗಿದ್ದೇನೆ. ಅವನಿಗೂ ಕಳಿಸಬೇಕು. ಹಿಂದಿಯಲ್ಲಿ ಏನು ಬರೆಯಲಿ ಹೇಳು. ನಿನ್ನ ಹಿಂದಿ ನನ್ನದಕ್ಕಿಂತ ವಾಸಿ, ಆ ಟಿ.ಸಿ. ಹತ್ತಿರ ಮಾತಾಡಿದ್ದನ್ನು ಬಿಟ್ಟು.

ನಿನ್ನ,
ಬಕೆಟ್