ಬಾತ್‌ರೂಮ್ ಬಾಗಿಲಿನ ರಬ್ಬರ್ ಪಟ್ಟಿ ನಮ್ಮೂರಲ್ಲೇ ಸಿಗಲಿ

ಸಂಪಾದಕರೇ,

ಕಾರವಾರದ ಹಾರ್ಡ್‌ವೇರ್ ಮತ್ತು ಗಾಜಿನ ಅಂಗಡಿಯವರಲ್ಲಿ ನಿಮ್ಮ ಪತ್ರಿಕೆಯ ಮೂಲಕ ಒಂದು ವಿನಂತಿ. ಬಾತ್‌ರೂಮಿನ ಗಾಜಿನ ಬಾಗಿಲಿನ ಅಡಿಯಲ್ಲಿ ಒಂದು ಪಾರದರ್ಶಕ ಪಟ್ಟಿ ಇರುತ್ತದಲ್ಲ, ಶವರ್ ನೀರು ಹೊರಗೆ ಹರಿಯದಂತೆ ತಡೆಯುವುದು, ನಾವೆಲ್ಲ ರಬ್ಬರ್ ಅಂತಲೇ ಕರೆಯುವುದು, ಅದನ್ನು ದಯವಿಟ್ಟು ಬಿಡಿಯಾಗಿ ತರಿಸಿಡಿ. ಅದು ಹರಿದುಹೋದಾಗ ನಾನು ಕೇಳಿದ ಕಡೆಯೆಲ್ಲ ಸಿಕ್ಕ ಉತ್ತರ ಎರಡೇ. "ಅದೊಂದೇ ಬರೋದಿಲ್ಲ, ಬಾಗಿಲೇ ಚೇಂಜ್ ಮಾಡ್ಬೇಕು" ಎನ್ನುವುದು ಒಂದು. "ಹುಬ್ಬಳ್ಳಿಗೋ ಮಡಗಾಂವಿಗೋ ಹೋದಾಗ ನೋಡಿ" ಎನ್ನುವುದು ಇನ್ನೊಂದು.

ಬಾಗಿಲೇ ಬದಲಿಸಿ ಅನ್ನುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಗಾಜಿಗೆ ಏನೂ ಆಗಿರುವುದಿಲ್ಲ. ಸವೆಯುವುದು ಅಂಚಿನ ಪಟ್ಟಿ ಮಾತ್ರ, ಅದು ಸವೆಯಲೆಂದೇ ಇರುವ ಭಾಗ. ಬೈಕಿನ ಬ್ರೇಕ್ ಶೂ ಸವೆದರೆ ಹೊಸ ಬೈಕ್ ತಗೊಳ್ಳಿ ಅಂತ ಯಾರಾದರೂ ಹೇಳುತ್ತಾರಾ? ಸಾವಿರಾರು ರೂಪಾಯಿಯ ಬಾಗಿಲಿನ ಮುಂದೆ ಈ ಪಟ್ಟಿಯ ಬೆಲೆ ಲೆಕ್ಕಕ್ಕೇ ಇಲ್ಲ. ಬಹುಶಃ ಅದಕ್ಕೇ ಯಾರಿಗೂ ಮಾರುವ ಆಸಕ್ತಿ ಇಲ್ಲವೇನೋ.

ಮೊದಲು ಈ ಕಡೆ ಗಾಜಿನ ಪಾರ್ಟಿಶನ್ ಎಲ್ಲಿತ್ತು? ಬಚ್ಚಲು, ಹಂಡೆ, ಒಂದು ಚೊಂಬು, ಅಷ್ಟೇ. ನೀರು ಎಲ್ಲಿ ಬಿದ್ದರೂ ತೂತಿನಿಂದ ಹೊರಗೆ ಹೋಗುತ್ತಿತ್ತು. ಈಗ ಕೋಡಿಬಾಗ, ಕಾಜುಬಾಗ, ಹಬ್ಬುವಾಡ ಎಲ್ಲ ಕಡೆ ಹೊಸ ಮನೆ, ಫ್ಲ್ಯಾಟುಗಳಲ್ಲಿ ಗಾಜು ಬಂದಿದೆ. ಗಾಜು ಬಂದ ಮೇಲೆ ಅದರ ರಿಪೇರಿಯೂ ಬರಬೇಕಲ್ವಾ?

ನಮ್ಮ ಕರಾವಳಿಯಲ್ಲಿ ಈ ಪಟ್ಟಿಗೆ ಆಯುಸ್ಸು ಕಡಿಮೆ ಅಂತ ನನ್ನ ಅನುಭವ. ಪಟ್ಟಿ ಹೆಚ್ಚಾಗಿ ಪಿವಿಸಿಯದ್ದು. ಅದು ಮೆತ್ತಗಿರಲಿ ಅಂತ ತಯಾರಿಸುವಾಗ ಎಣ್ಣೆಯಂಥ ಒಂದು ಪದಾರ್ಥ ಸೇರಿಸಿರುತ್ತಾರೆ. ಬಿಸಿನೀರು, ಸೋಪು, ಕ್ಲೀನಿಂಗ್ ಲಿಕ್ವಿಡ್ ತಾಗಿ ತಾಗಿ ಅದು ಮೆಲ್ಲಗೆ ಬಿಟ್ಟುಹೋಗುತ್ತದೆ. ಆಮೇಲೆ ಪಟ್ಟಿ ಹಳದಿಯಾಗಿ, ಗಟ್ಟಿಯಾಗಿ, ಬಗ್ಗಿಸಿದರೆ ಸೀಳಿಬಿಡುತ್ತದೆ. ಇದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮಳೆಗಾಲ, ಬಾತ್‌ರೂಮ್ ಒಣಗುವುದೇ ಇಲ್ಲ, ಪಟ್ಟಿಯ ಸಂದಿಯಲ್ಲಿ ಕಪ್ಪು ಬೂಸ್ಟು ಹಿಡಿದು ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಇನ್ನೊಂದು ಮರಳು. ಮಕ್ಕಳು ಸಂಜೆ ಟಾಗೋರ್ ಬೀಚಿನಿಂದ ಬಂದು ಸೀದಾ ಸ್ನಾನಕ್ಕೆ ಹೋದರೆ ಕಾಲಿನ ಮರಳೆಲ್ಲ ಆ ಪಟ್ಟಿಯ ಅಡಿಗೆ ಸೇರುತ್ತದೆ. ಬಾಗಿಲು ತೆಗೆದು ಹಾಕಿದಾಗೆಲ್ಲ ಮರಳು ಉಜ್ಜಿ ಪಟ್ಟಿಯ ಅಂಚು ಹರಿದು ಜಾಲರಿಯಾಗುತ್ತದೆ.

ಆಮೇಲೆ ನೀರು ಹೊರಗೆ. ನಮ್ಮ ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ಟೈಲ್ಸ್ ಮೇಲೆ ಕಣ್ಣಿಗೆ ಕಾಣದ ತೆಳು ನೀರು ನಿಂತರೆ ನನಗೆ ಜೀವವೇ ಕೈಗೆ ಬರುತ್ತದೆ. ಜಾರಿ ಬಿದ್ದು ಸೊಂಟ ಮುರಿದುಕೊಂಡ ಹಿರಿಯರು ಯಾರ ಮನೆಯಲ್ಲಿಲ್ಲ ಹೇಳಿ. ಚೌಕಟ್ಟಿನ ಬುಡದ ಮರ ಉಬ್ಬುವುದು, ಕೆಳಗಿನ ಮನೆಯ ಸೀಲಿಂಗ್ ತೇವ ಆಗುವುದು ಬೇರೆ.

ಇದನ್ನು ಮನೆಯಲ್ಲೇ ಬದಲಿಸಬಹುದು ಅಂತ ಓದುಗರಿಗೂ ಹೇಳಬೇಕು. ಬಾಗಿಲು ಕಳಚುವುದೇ ಬೇಡ. ಕಳಚಲೂಬಾರದು, ಯಾಕೆಂದರೆ 8 ಎಂಎಂ ಗಾಜು ಒಂದು ಚದರ ಮೀಟರಿಗೆ 20 ಕೆಜಿ ತೂಗುತ್ತದೆ, ಸಾಧಾರಣ ಬಾಗಿಲೊಂದು 30 ಕೆಜಿ ಹತ್ತಿರ ಬರುತ್ತದೆ. ಇಂಥ ಬಾಗಿಲಿಗೆ ಹಾಕುವ ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜಿನ ಮೈ ಗಟ್ಟಿ, ಮೂಲೆ ಮಾತ್ರ ಬಹಳ ಸೂಕ್ಷ್ಮ. ಟೈಲ್ಸಿಗೆ ಮೂಲೆ ತಾಗಿದರೆ ಇಡೀ ಬಾಗಿಲು ಒಮ್ಮೆಗೇ ಪುಡಿಯಾಗಬಹುದು. ಹಾಗಾಗಿ ಪಟ್ಟಿ ಕೀಳಲು ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಬಾಗಿಲು ಪೂರ್ತಿ ತೆರೆದು, ಅಡಿಯ ಒಂದು ತುದಿಯಿಂದ ಕೈಯಲ್ಲೇ ಎಳೆಯಿರಿ. ಅಂಟಿಕೊಂಡಿದ್ದರೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಡಿಲವಾಗುತ್ತದೆ.

ಕಿತ್ತ ಪಟ್ಟಿಯನ್ನು ಎಸೆಯಬೇಡಿ, ಅದೇ ನಿಮ್ಮ ಅಳತೆ. ಎರಡು ಇಂಚು ತುಂಡು ಕತ್ತರಿಸಿ ಅದರ ಬಾಯಿ ನೋಡಿ. ಮೇಲ್ಗಡೆ ಗಾಜನ್ನು ಕಚ್ಚಿಕೊಳ್ಳುವ ಸಣ್ಣ ಕಾಲುವೆ. ಅದರ ಅಗಲ ಗಾಜಿನ ದಪ್ಪಕ್ಕೆ ಸರಿಯಾಗಿರಬೇಕು: 6, 8, 10 ಅಥವಾ 12 ಎಂಎಂ. 8ರ ಗಾಜಿಗೆ 10ರ ಪಟ್ಟಿ ಹಾಕಿದರೆ ಜಾರಿ ಬೀಳುತ್ತದೆ, 6ರದ್ದು ಏರುವುದೇ ಇಲ್ಲ. ಕಾಲುವೆಯ ಕೆಳಗೆ ಎರಡು ನಾಲಿಗೆ ಇರುತ್ತವೆ. ಒಂದು ನೇರ ನೆಲದ ಕಡೆಗೆ, ಇನ್ನೊಂದು ಓರೆಯಾಗಿ. ಆ ಓರೆ ನಾಲಿಗೆ ಶವರ್ ಇರುವ ಕಡೆಗೇ ಇರಬೇಕು, ಗಾಜಿನಿಂದ ಇಳಿದ ನೀರನ್ನು ಒಳಗೆ ತಳ್ಳುವುದು ಅದೇ. ಉಲ್ಟಾ ಹಾಕಿದರೆ ಹೊಸ ಪಟ್ಟಿಯೂ ನೀರನ್ನು ಹೊರಗೇ ಕಳಿಸುತ್ತದೆ. ಗಾಜಿನ ಅಂಚಿಗೂ ನೆಲಕ್ಕೂ ನಡುವೆ ಎಷ್ಟು ಜಾಗ ಇದೆ ಅಂತಲೂ ಬರೆದುಕೊಳ್ಳಿ, ನಾಲಿಗೆಯ ಉದ್ದ ಅದರ ಮೇಲೆ ನಿಂತಿದೆ. ಬದಿಯಲ್ಲಿ ಮ್ಯಾಗ್ನೆಟ್ ಪಟ್ಟಿ ಇರುವ ಬಾಗಿಲಾದರೆ ಎರಡೂ ಕಡೆಯದ್ದನ್ನು ಜೋಡಿಯಾಗಿಯೇ ತಗೊಳ್ಳಿ.

ಹೊಸದನ್ನು ಹಾಕುವ ಮುಂಚೆ ಗಾಜಿನ ಅಂಚಿನ ಬಿಳಿ ಕರೆಯನ್ನು ವಿನೆಗರ್ ಹಾಕಿ ಒರೆಸಿ. ಕೆಳಗೆ ಮಾರ್ಬಲ್ ಅಥವಾ ಕಡಪಾ ಕಲ್ಲಿದ್ದರೆ ವಿನೆಗರ್ ಬೀಳದ ಹಾಗೆ ಬಟ್ಟೆ ಹಾಸಿ, ಇಲ್ಲದಿದ್ದರೆ ಕಲ್ಲಿನ ಹೊಳಪು ಹೋಗುತ್ತದೆ. ಒಂದು ಎಚ್ಚರಿಕೆ: ಬೂಸ್ಟು ತೆಗೆಯಲು ಬ್ಲೀಚಿಂಗ್ ಪೌಡರ್ ಬಳಸಿದ್ದರೆ ಅದರ ಮೇಲೆ ವಿನೆಗರ್, ಟಾಯ್ಲೆಟ್ ಕ್ಲೀನರ್ ಯಾವುದನ್ನೂ ಸುರಿಯಬೇಡಿ, ವಿಷಗಾಳಿ ಏಳುತ್ತದೆ. ಅಂಚು ಒಣಗಿದ ಮೇಲೆ ಹೊಸ ಪಟ್ಟಿಯನ್ನು ಅಳತೆಗೆ ಕತ್ತರಿಸಿ, ಬಿಸಿನೀರಲ್ಲಿ ಮೆತ್ತಗೆ ಮಾಡಿ, ಒಂದು ತುದಿಯಿಂದ ಹೆಬ್ಬೆರಳಲ್ಲಿ ಒತ್ತುತ್ತಾ ಹೋಗಿ. ಅಂಟು ಬೇಕಾಗಿಲ್ಲ. ನಾಲಿಗೆ ನೆಲಕ್ಕೆ ಸುಮ್ನೆ ತಾಗಿದರೆ ಸಾಕು. ಒಳಗಿನಿಂದ ಗಾಜಿನ ಮೇಲೆ ಒಂದು ಮಗ್ ನೀರು ಹೊಯ್ದು ಹೊರಗೆ ಕೈಯಾಡಿಸಿ ನೋಡಿ.

ಮರಳಿಲ್ಲದೆಯೂ ಹೊಸ ಪಟ್ಟಿ ಬೇಗ ಹರಿದರೆ ತಪ್ಪು ಪಟ್ಟಿಯದ್ದಲ್ಲದೆ ಇರಬಹುದು, ಹಿಂಜ್ ಇಳಿದಿದೆಯೇ ನೋಡಿ. ಸಮುದ್ರದ ಗಾಳಿಗೆ ಕಡಿಮೆ ದರ್ಜೆಯ ಸ್ಟೀಲ್ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ. ನಮ್ಮ ಕಡೆ 304, ಸಾಧ್ಯವಾದರೆ 316 ದರ್ಜೆಯದ್ದೇ ಹಾಕಿಸಿ. ಹಿಂಜ್ ಕೆಲಸ ಮಾತ್ರ ಗಾಜಿನವರೇ ಮಾಡಲಿ. ಮತ್ತೆ ಕೆಲವರು ಬಾಗಿಲಿನ ಅಡಿಗೂ ಸಿಲಿಕೋನ್ ಅಂಟು ಮೆತ್ತಿ ಹೋಗುತ್ತಾರೆ. ಕದಲದ ಗಾಜಿಗೆ ಅದು ಸರಿ, ದಿನಾ ತೆರೆದು ಮುಚ್ಚುವ ಬಾಗಿಲಿಗೆ ಅದು ನಿಲ್ಲುವುದಿಲ್ಲ.

ಇಷ್ಟು ಸುಲಭದ ಕೆಲಸಕ್ಕೆ ಜನ ಘಟ್ಟ ಹತ್ತಬೇಕಾ, ಗಡಿ ದಾಟಬೇಕಾ? ಆನ್‌ಲೈನಲ್ಲಿ ಸಿಗುತ್ತದೆ ನಿಜ, ಆದರೆ ಮುಟ್ಟಿ ನೋಡದೆ ಅಳತೆ ತಪ್ಪುತ್ತದೆ, ವಯಸ್ಸಾದವರಿಗೆ ಅದೆಲ್ಲ ಆಗುವುದೂ ಇಲ್ಲ. ಅಂಗಡಿಯವರು 8, 10, 12ರ ಪಟ್ಟಿಯನ್ನು ಸ್ವಲ್ಪ ಸ್ವಲ್ಪ ತರಿಸಿಟ್ಟು, ವಯರ್ ಮಾರುವ ಹಾಗೆ ಮೀಟರ್ ಲೆಕ್ಕದಲ್ಲಿ ಕೊಟ್ಟರೆ ಸಾಕು. ಮನೆ ಕಟ್ಟಿಸಿ ಕೊಡುವವರು ಗಾಜಿನ ದಪ್ಪವನ್ನು ಬಿಲ್ಲಿನ ಮೇಲೆ ಬರೆದುಕೊಡಲಿ. ಅಂಕೋಲಾ, ಕುಮಟಾ, ಶಿರಸಿ ಕಡೆ ಯಾವುದಾದರೂ ಅಂಗಡಿಯಲ್ಲಿ ಈಗಾಗಲೇ ಬಿಡಿಯಾಗಿ ಸಿಗುತ್ತಿದ್ದರೆ ಗೊತ್ತಿದ್ದವರು ಇದೇ ಅಂಕಣಕ್ಕೆ ಬರೆಯಿರಿ, ಮಳೆ ಶುರುವಾಗುವ ಮುಂಚೆ ತುಂಬ ಮನೆಗಳಿಗೆ ಅದು ಬೇಕಾಗುತ್ತದೆ.

ಇಂತಿ,
ನಿಮ್ಮ ಓದುಗಳು, ಕೋಡಿಬಾಗ, ಕಾರವಾರ