ದಿಂಬಿನೊಳಗಿನ ಬಿಸ್ಕೆಟ್

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಬಂದು ಹದಿನೈದು ದಿನ ಆಯಿತು. "ಅನಾಥ ಮಕ್ಕಳನ್ನು ಉದ್ಧಾರ ಮಾಡಬೇಕು ಅಂತ ನಿಮ್ಮ ಧರ್ಮದಲ್ಲಿ ಇದೆ, ಅಲ್ವಾ? ಅದಕ್ಕೇ ನೀವು ಇಷ್ಟು ದೊಡ್ಡ ಕೆಲಸ ಮಾಡಿದಿರಿ" ಅಂತ ಬರೆದಿದ್ದೆ. ಎರಡು ಸಲ ಉತ್ತರ ಟೈಪ್ ಮಾಡಿ ಅಳಿಸಿದೆ. ಇದನ್ನೇ ಕೇಳುವವರು ಜಾಸ್ತಿ ಆಗಿದ್ದಾರೆ. ಹಾಗಾಗಿ ಎಲ್ಲರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ. ನಾವು ದತ್ತು ತಗೊಂಡ ಮಗನ ಹೆಸರು ಮಾತ್ರ ಬರೆಯುವುದಿಲ್ಲ.

ಮೊದಲು ಇರುವೆಗಳ ವಿಷಯ ಹೇಳುತ್ತೇನೆ.

ಅವನು ಮನೆಗೆ ಬಂದಾಗ ಆರು ವರ್ಷ. ಮೂರನೇ ವಾರವೋ ಏನೋ, ಬೆಳಿಗ್ಗೆ ನೋಡಿದರೆ ಗೋಡೆಯಿಂದ ಅವನ ಮಂಚದವರೆಗೆ ಕೆಂಪಿರುವೆಗಳ ಸಾಲು. ಸಾಲು ಹಿಡಿದು ಹೋದೆ. ದಿಂಬಿನ ಕವರಿನೊಳಗೆ ಏಳು ಬಿಸ್ಕೆಟ್, ಮಡಚಿದ ಅರ್ಧ ನೀರುದೋಸೆ, ಒಂದು ಬೇಯಿಸಿದ ಮೊಟ್ಟೆಯ ಹಳದಿ. ನನಗೆ ಸಿಟ್ಟು ಬಂತು ಮಾರಾಯ. "ಕೇಳಿದರೆ ಕೊಡುವುದಿಲ್ಲವಾ? ಕದಿಯುವುದು ಯಾಕೆ?" ಅಂದುಬಿಟ್ಟೆ. ಅವನು ಅಳಲಿಲ್ಲ. ದಿಂಬನ್ನು ಅವುಚಿಕೊಂಡು ಗೋಡೆಗೆ ಒತ್ತಿ ನಿಂತ. ನನ್ನ ಹೆಂಡತಿ ಅಡುಗೆಮನೆಯಿಂದ ಒಂದು ಸ್ಟೀಲ್ ಡಬ್ಬಿ ತಂದು ಅವನ ಮುಂದಿಟ್ಟಳು. "ಇದು ನಿನ್ನದು. ಖಾಲಿಯಾದರೆ ನಾನು ತುಂಬಿಸ್ತೇನೆ. ಮುಚ್ಚಳ ಗಟ್ಟಿ ಹಾಕು, ಇಲ್ಲದಿದ್ರೆ ಇರುವೆ ಬರ್ತದೆ."

ಆಮೇಲೆ ಎಷ್ಟೋ ತಿಂಗಳು ಮಧ್ಯರಾತ್ರಿ ಆ ಮುಚ್ಚಳದ ಸದ್ದು ಕೇಳುತ್ತಿತ್ತು. ತೆಗೆಯುತ್ತಿದ್ದ, ನೋಡುತ್ತಿದ್ದ, ಮುಚ್ಚುತ್ತಿದ್ದ. ತಿನ್ನುತ್ತಿರಲಿಲ್ಲ.

ನಮ್ಮ ಮನೆಯ ಹಾಲ್‌ನಲ್ಲಿ ಸಂತ ಜೋಸೆಫರ ಫೋಟೊ ಇದೆ, ನೀನು ನೋಡಿದ್ದೀ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಲಿಲ್ಲಿ ಹೂ. ಹುಟ್ಟಿದಾಗಿನಿಂದ ನೋಡಿದ ಫೋಟೊ. ಅವರು ಯೇಸುವಿನ ಸಾಕುತಂದೆ ಅನ್ನುವುದು ಆ ವಾರವೇ ನನ್ನ ತಲೆಗೆ ಸರಿಯಾಗಿ ಹೋಗಿದ್ದು. ನಾಲ್ಕೂ ಸುವಾರ್ತೆಗಳಲ್ಲಿ ಅವರ ಬಾಯಿಂದ ಒಂದೇ ಒಂದು ಮಾತಿಲ್ಲ, ಗೊತ್ತಾ? ಕನಸು ಬೀಳುತ್ತದೆ, ರಾತ್ರೋರಾತ್ರಿ ಎದ್ದು ತಾಯಿ ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಡುತ್ತಾರೆ. ಅಷ್ಟೇ. ನಾನೋ, ಏಳು ಬಿಸ್ಕೆಟಿಗೆ ಭಾಷಣ ಮಾಡಿದವನು.

ನೀನು ಹೇಳಿದ ಮಾತು ಬೈಬಲ್‌ನಲ್ಲಿ ಇದೆ, ಸುಳ್ಳಲ್ಲ. ದಿಕ್ಕಿಲ್ಲದ ಮಕ್ಕಳನ್ನೂ ವಿಧವೆಯರನ್ನೂ ಅವರ ಕಷ್ಟದಲ್ಲಿ ನೋಡಿಕೊಳ್ಳುವುದೇ ಶುದ್ಧ ಭಕ್ತಿ ಅಂತ ಯಾಕೋಬನ ಪತ್ರಿಕೆ ಹೇಳುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪೌಲನ ಮಾತು. ರೋಮನರಿಗೆ ಬರೆದ ಪತ್ರದಲ್ಲಿ ಅವನು ನಂಬಿದವರನ್ನೆಲ್ಲ ದೇವರ ದತ್ತು ಮಕ್ಕಳು ಅನ್ನುತ್ತಾನೆ. ಅಂದರೆ ನಾನೂ ದತ್ತು, ನನ್ನ ಮಗನೂ ದತ್ತು. ಇದರಲ್ಲಿ ಯಾರು ಯಾರನ್ನು ಉದ್ಧಾರ ಮಾಡುವುದು?

ಕಾಲೇಜಿನಲ್ಲಿದ್ದಾಗ ನಿನ್ನ ಅಜ್ಜಿಮನೆಗೆ, ಕಾರ್ಕಳದ ಮಾಳಕ್ಕೆ, ಹೋಗಿದ್ದೆವಲ್ಲ? ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಆಸರೆಯಾದ ಪಂಡಿತಾ ರಮಾಬಾಯಿ ಗೊತ್ತಲ್ಲ, ಆಕೆಯ ತಂದೆ ಅನಂತಶಾಸ್ತ್ರಿ ಡೋಂಗ್ರೆ ಆ ಊರಿನವರೇ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನ ತಿರುಗಿಬಿದ್ದರು ಅಂತ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿಗೆ ಹೋಗಿ ಕೂತರು. ರಮಾಬಾಯಿ 1858ರಲ್ಲಿ ಹುಟ್ಟಿದ್ದು ಅಲ್ಲಿ. ಮುಂದೆ ತೀರ್ಥಯಾತ್ರೆ, ಊರೂರು ಅಲೆದಾಟ. 1870ರ ದಶಕದ ಬರದಲ್ಲಿ ಅಪ್ಪ, ಅಮ್ಮ, ಅಕ್ಕ ಮೂವರೂ ತೀರಿಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ಆಕೆ ಕ್ರೈಸ್ತಳಾದಳು. ಅದರ ಬಗ್ಗೆ ಜಗಳ ಆಡುವವರು ಆಡಲಿ. ನನಗೆ ಮುಖ್ಯವಾದದ್ದು 1896-97ರ ಬರ. ಆಗ ಆಕೆ ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದಳು, ಪುಣೆ ಹತ್ತಿರದ ಕೇಡಗಾಂವದಲ್ಲಿ ಅವರಿಗಾಗಿ ಮುಕ್ತಿ ಎಂಬ ನೆಲೆ ಕಟ್ಟಿದಳು. ಆ ಮಕ್ಕಳು ರೊಟ್ಟಿ ಅಡಗಿಸಿಟ್ಟಿದ್ದರೆ ಆಕೆ ನನ್ನ ಹಾಗೆ "ಕದಿಯುವುದು ಯಾಕೆ" ಅಂತ ಕೇಳುತ್ತಿರಲಿಲ್ಲ. ಹಸಿವು ಆಕೆಗೆ ಓದಿ ಗೊತ್ತಿದ್ದದ್ದಲ್ಲ.

ನಮ್ಮವರನ್ನು ಜಾಸ್ತಿ ಹೊಗಳಲೂ ಬೇಡ. ಮನೆಕೆಲಸಕ್ಕೆ ಮಗು ತಂದು, ಗೋಡೆಯ ಶಿಲುಬೆಯ ಕೆಳಗೇ ಪಾತ್ರೆ ತೊಳೆಸಿ, "ನಾವು ಸಾಕಿದ್ದು" ಅಂದವರೂ ಇದ್ದರು. ಕಾನೂನೂ ಹಾಗೇ ಇತ್ತು. 1956ರ ಹಿಂದೂ ದತ್ತು ಕಾಯ್ದೆ ಕ್ರೈಸ್ತರಿಗೆ ಅನ್ವಯಿಸುತ್ತಿರಲಿಲ್ಲ. 1890ರ ಕಾಯ್ದೆಯಲ್ಲಿ ಮಗುವಿನ ಗಾರ್ಡಿಯನ್ ಆಗಬಹುದಿತ್ತು, ಅಪ್ಪ ಅಮ್ಮ ಆಗುವ ಹಾಗಿರಲಿಲ್ಲ. ನನ್ನ ದೊಡ್ಡಮ್ಮ ಸಾಕಿದ ಹುಡುಗಿ ಕಾನೂನಿನ ಕಣ್ಣಲ್ಲಿ ವಯಸ್ಕಳಾದ ದಿನ ಕೋರ್ಟಿನ ಕಾಗದದ ಲೆಕ್ಕದಲ್ಲಿ ಅವರಿಬ್ಬರಿಗೂ ಸಂಬಂಧವೇ ಇರಲಿಲ್ಲ. 2000ದ ಬಾಲನ್ಯಾಯ ಕಾಯ್ದೆ ಬಂದ ಮೇಲೆ ಎಲ್ಲ ಧರ್ಮದವರಿಗೂ ದಾರಿ ತೆರೆಯಿತು. ನಮಗೆ ದತ್ತು ಆದೇಶ ಸಿಕ್ಕಿದ್ದು ಜಿಲ್ಲಾಧಿಕಾರಿಯಿಂದ. 2022ರ ಸೆಪ್ಟೆಂಬರ್‌ನಿಂದ ಕೋರ್ಟಿಗೆ ಹೋಗಬೇಕಿಲ್ಲ. ಆ ಕಾಗದ ಲ್ಯಾಮಿನೇಟ್ ಮಾಡಿಸಿದ್ದೇನೆ. ಹೆಂಡತಿ ನಕ್ಕಳು.

ಆದರೂ ಒಂದು ಶಾಲೆಯಲ್ಲಿ ಅಡ್ಮಿಶನ್‌ಗೆ ಹೋದಾಗ "ನಿಜವಾದ ತಂದೆಯ ಹೆಸರು?" ಅಂದರು, ಅವನ ಎದುರಿಗೇ. ಅರ್ಜಿ ವಾಪಸ್ ತಗೊಂಡು ಬಂದೆವು. ದಾರಿಯಲ್ಲಿ ಐಸ್‌ಕ್ರೀಮ್ ತಿಂದೆವು. ಅವನು ಆ ಬಗ್ಗೆ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಯಾವತ್ತಾದರೂ ಕೇಳುತ್ತಾನೆ.

ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ, ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನವೂ ಮಗ ಪಕ್ಕದ ಮನೆಯವರ ದಾಸವಾಳ, ಗೋರಂಟೆ ಎಲ್ಲ ಕಿತ್ತು ಬುಟ್ಟಿ ತುಂಬಿಸಿ ಬಾಲ ಮರಿಯಮ್ಮನಿಗೆ ಹಾಕಿ ಬಂದ. ಹಬ್ಬದ ಹಿಂದಿನ ದಿನ ಮನೆ ಗುಡಿಸುವಾಗ ಮಂಚದಡಿ ಆ ಡಬ್ಬಿ ಸಿಕ್ಕಿತು. ತೆಗೆದು ನೋಡಿದೆ. ಗೋಲಿ, ರಬ್ಬರ್ ಬ್ಯಾಂಡ್, ಒಂದು ಸತ್ತ ಜೀರುಂಡೆ. ತಿನ್ನುವ ಸಾಮಾನು ಒಂದೂ ಇಲ್ಲ. ಯಾವಾಗ ನಿಂತಿತೋ, ನಮಗೆ ಇಬ್ಬರಿಗೂ ಗೊತ್ತೇ ಆಗಿಲ್ಲ.

ಮರುದಿನ ಪೂಜೆ ಮುಗಿದು ಚರ್ಚಿನಲ್ಲಿ ಮಕ್ಕಳಿಗೆ ಕಬ್ಬು ಕೊಟ್ಟರು. "ಡಬ್ಬಿಯಲ್ಲಿ ಇಟ್ಟುಕೊಳ್ತೀಯಾ?" ಅಂತ ಸುಮ್ನೆ ಕೇಳಿದೆ. "ಇಷ್ಟುದ್ದದ್ದು ಅದರಲ್ಲಿ ಹಿಡಿಸ್ತದಾ ಪಪ್ಪಾ?" ಅಂತ ನನ್ನನ್ನೇ ನೋಡಿ ನಕ್ಕು, ಹಲ್ಲಿನಲ್ಲಿ ಸಿಪ್ಪೆ ಸುಲಿಯತೊಡಗಿದ.

ಕ್ರಿಸ್‌ಮಸ್‌ಗೆ ಬಾ. ಈ ಸಲ ಕುಸ್ವಾರ್‌ಗೆ, ಅಂದರೆ ಕ್ರಿಸ್‌ಮಸ್ ತಿಂಡಿಗಳನ್ನು ಮಾಡಲು, ಕೈ ಕಡಿಮೆ. ಬಾಚಣಿಗೆ ಮೇಲೆ ಕಿಡ್ಯೊ ತಿಂಡಿಯ ಹಿಟ್ಟು ಸುತ್ತುವುದನ್ನು ಅವನೇ ನಿನಗೆ ಕಲಿಸುತ್ತಾನಂತೆ.

ನಿನ್ನ,
ಮಂಗಳೂರಿನ ಗೆಳೆಯ