ಪಿಂಗಾಣಿ ಊರಿನಿಂದ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

“ಅಲ್ಲಿ ನಿನ್ನವರು ಅಂತ ಯಾರಿದ್ದಾರವ್ವಾ?” ಅಂತ ಕೇಳಿದೆಯಲ್ಲ, ಅದಕ್ಕೆ ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಇಲ್ಲಿ ಚೀನಾದಲ್ಲಿ ವಾಟ್ಸಾಪ್ ನೇರವಾಗಿ ನಡೆಯುವುದಿಲ್ಲ. ಇಲ್ಲಿಯವರು ಎಲ್ಲದಕ್ಕೂ ಬಳಸುವ ವೀಚಾಟ್ ಆ್ಯಪನ್ನು ನಮ್ಮ ಸರ್ಕಾರ 2020ರ ಜೂನ್‌ನಲ್ಲಿ ನಿಷೇಧಿಸಿತು. ಫೋನು ಮಾಡಿದರೆ ಅರ್ಧಕ್ಕೇ ಕಡಿದು ಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸಾವಕಾಶವಾಗಿ ಓದು, ಅಪ್ಪನಿಗೂ ಓದಿ ಹೇಳು.

ಯಾರೂ ಇಲ್ಲ ಅಂತ ಬರೆದರೆ ನೀನು ರಾತ್ರಿ ನಿದ್ದೆಗೆಡುತ್ತೀಯ. ಹಾಗೇನೂ ಇಲ್ಲ. ಮೊದಲು ಇಲ್ಲಿ ಒಂದು ಬಟ್ಟಲು ಹೇಗೆ ತಯಾರಾಗುತ್ತದೆ ಅಂತ ಹೇಳುತ್ತೇನೆ. ನನ್ನ ಬದುಕು ಪೂರ್ತಿ ಅದರಲ್ಲೇ ಇದೆ.

ಖಾನಾಪುರದಲ್ಲಿ ನಾನು ಕೆಲಸ ಕಲಿಯುವಾಗ ಮಣ್ಣು ತುಳಿಯುವುದರಿಂದ ಹಿಡಿದು ಸುಡುವ ತನಕ ಎಲ್ಲವನ್ನೂ ನಾವೇ ಮಾಡುತ್ತಿದ್ದೆವು. ನಾನಿರುವ ಈ ಜಿಂಗ್‌ದೆಜೆನ್ ಊರಿನಲ್ಲಿ ಹಾಗಲ್ಲ. ಮಣ್ಣು ಹದ ಮಾಡುವವರು ಬೇರೆ, ತಿಗರಿಯ ಮೇಲೆ ಎತ್ತುವವರು ಬೇರೆ, ಒಣಗಿದ ಮೇಲೆ ಕೆರೆದು ತೆಳ್ಳಗೆ ಮಾಡುವವರು ಬೇರೆ. ಸುಟ್ಟ ಮೇಲೆ ಗಾಜಿನಂತೆ ಹೊಳೆಯುವ ಲೇಪ, ಅಂದರೆ ಗ್ಲೇಜ್ ಹಚ್ಚುವವರು, ನೀಲಿ ಬಣ್ಣದಲ್ಲಿ ಚಿತ್ರ ಬರೆಯುವವರು, ಸುಡುವವರು ಎಲ್ಲರೂ ಬೇರೆ ಬೇರೆ. 1637ರ ಒಂದು ಚೀನೀ ಗ್ರಂಥದಲ್ಲಿ, ಒಂದು ಬಟ್ಟಲು ಮುಗಿಯುವಷ್ಟರಲ್ಲಿ 72 ಕೆಲಸಗಳನ್ನು ದಾಟುತ್ತದೆ ಅಂತ ಬರೆದಿದೆ. ಇಂದಿಗೂ ದೊಡ್ಡ ಹೂಜಿ ಎತ್ತಬೇಕಾದರೆ ಇಬ್ಬರೋ ಮೂವರೋ ಒಂದೇ ಮಣ್ಣಿಗೆ ಒಟ್ಟಿಗೆ ಕೈ ಕೊಡುತ್ತಾರೆ.

ನನ್ನ ಬಟ್ಟಲುಗಳನ್ನು ಕೆರೆಯುವ ಶಿಫು ಒಬ್ಬರಿದ್ದಾರೆ. ಕುಶಲಕರ್ಮಿಗಳನ್ನೆಲ್ಲ ಇಲ್ಲಿ ಶಿಫು ಅಂತಲೇ ಕರೆಯುವುದು. ಅವರು ಹಸಿ ಬಟ್ಟಲನ್ನು ಬೆರಳಿಂದ ಟಕ್ ಅಂತ ತಟ್ಟಿ, ಆ ಸದ್ದಿನಲ್ಲೇ ಗೋಡೆ ಎಷ್ಟು ದಪ್ಪ ಇದೆ ಅಂತ ಹೇಳಿಬಿಡುತ್ತಾರೆ. ನನಗೂ ಅವರಿಗೂ ನಡುವೆ ಮಾತು ಕಡಿಮೆ. ಆದರೆ ನನ್ನ ಕೈ ಎಲ್ಲಿ ಭಾರ ಬೀಳುತ್ತದೆ ಅಂತ ಅವರಿಗೆ ಗೊತ್ತು. ಅದು ನಿಮ್ಮಪ್ಪನಿಗೂ ಗೊತ್ತಿಲ್ಲ.

ಆಮೇಲೆ ಬಟ್ಟಲುಗಳನ್ನು ಉದ್ದ ಹಲಗೆಯ ಮೇಲೆ ಸಾಲಾಗಿ ಇಟ್ಟು ಭಟ್ಟಿಗೆ ಒಯ್ಯಬೇಕು. ಇಲ್ಲಿ ನನ್ನಂಥವರಿಗೆ ಸ್ವಂತ ಭಟ್ಟಿ ಇರುವುದಿಲ್ಲ. ಭಟ್ಟಿ ನಡೆಸುವವರಿಗೆ ಪಾತ್ರೆಯ ಅಳತೆ ನೋಡಿ ದುಡ್ಡು ಕೊಡುತ್ತೇವೆ, ಅವರು ಜಾಗ ಕೊಡುತ್ತಾರೆ. ನನ್ನ ಬಟ್ಟಲಿನ ಪಕ್ಕ ಯಾರದೋ ಚಹಾ ಕುಡಿಕೆ, ಅದರ ಹಿಂದೆ ಯಾವುದೋ ಕಾಲೇಜು ಹುಡುಗ ಮಾಡಿದ ಬುದ್ಧ. ಎಲ್ಲವೂ ಸುಮಾರು 1300 ಡಿಗ್ರಿಯಲ್ಲಿ ಒಟ್ಟಿಗೆ ಬೇಯುತ್ತವೆ. ಬಾಗಿಲು ತೆಗೆದ ದಿನ ಎಲ್ಲರೂ ಬಂದು ಅವರವರದನ್ನು ಹುಡುಕಿಕೊಳ್ಳುತ್ತಾರೆ. ಪಕ್ಕದವರದು ಒಡೆದಿದ್ದರೆ ನಮಗೂ ಸಂಕಟ ಆಗುತ್ತದೆ. ಅಲ್ಲಿ ನನ್ನನ್ನು ಯಾವ ದೇಶದವಳು ಅಂತ ಯಾರೂ ಕೇಳುವುದಿಲ್ಲ. ಯಾವ ಮಣ್ಣು, ಯಾರ ಗ್ಲೇಜ್ ಅಂತ ಕೇಳುತ್ತಾರೆ.

ಊರಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ಇದು ಜಿಯಾಂಗ್‌ಶಿ ಪ್ರಾಂತ್ಯದಲ್ಲಿ, ಚಾಂಗ್ ನದಿಯ ದಂಡೆಯಲ್ಲಿದೆ. ಸುತ್ತಲಿನ ತಾಲ್ಲೂಕುಗಳನ್ನು ಸೇರಿಸಿದರೂ ಸುಮಾರು 16 ಲಕ್ಷ ಜನ. ಚೀನಾದ ಲೆಕ್ಕಕ್ಕೆ ಸಣ್ಣ ಊರೇ. 1004ರಲ್ಲಿ ಚಕ್ರವರ್ತಿಯೊಬ್ಬ ತನ್ನ ಆಳ್ವಿಕೆಯ ಹೆಸರನ್ನೇ ಈ ಊರಿಗೆ ಇಟ್ಟ. ಹಳೆಯ ಓಣಿಗಳಲ್ಲಿ ಮನೆಯ ಗೋಡೆಗಳು ಆವಿಗೆಯಲ್ಲಿ ಬೆಂದು ಕಪ್ಪಾದ ಇಟ್ಟಿಗೆಯವು. ಆವಿಗೆ ಹಳತಾದಾಗ ಇಟ್ಟಿಗೆ ಕಳಚಿ ತಂದು ಮನೆ ಕಟ್ಟಿಕೊಂಡಿದ್ದಾರೆ. ನನಗೆ ಆ ಗೋಡೆಗಳ ಮೇಲೆ ಕೈ ಆಡಿಸುತ್ತಾ ನಡೆಯುವುದು ತುಂಬಾ ಇಷ್ಟ. ಈಗ ಆ ಓಣಿಗಳಲ್ಲಿ ಕಾಫಿ ಅಂಗಡಿಗಳು ಜಾಸ್ತಿ ಆಗುತ್ತಿವೆ, ಬಾಡಿಗೆ ಏರುತ್ತಿದೆ. ಅದು ನನಗೆ ಒಂದಿಷ್ಟೂ ಹಿಡಿಸಿಲ್ಲ. ಮಣ್ಣಿನ ಕೆಲಸದವರೇ ಅಲ್ಲಿರದಿದ್ದರೆ ಆ ಗೋಡೆಗಳನ್ನು ಉಳಿಸಿಕೊಂಡು ಏನು ಮಾಡುವುದು?

ನನಗಿಂತ ಸುಮಾರು ಮುನ್ನೂರು ವರ್ಷ ಮೊದಲು ಇಲ್ಲಿ ಇನ್ನೊಬ್ಬ ಪರದೇಶಿ ಕೂತು ಪತ್ರ ಬರೆದಿದ್ದ. ದಾಂತ್ರಕೋಲ್ ಅಂತ, ಫ್ರಾನ್ಸಿನ ಪಾದ್ರಿ. 1712ರಲ್ಲಿ ಒಂದು ಪತ್ರ, 1722ರಲ್ಲಿ ಇನ್ನೊಂದು. ಪಿಂಗಾಣಿ ಮಾಡುವ ವಿಧಾನ ಯುರೋಪಿಗೆ ವಿವರವಾಗಿ ತಿಳಿದದ್ದು ಆ ಪತ್ರಗಳಿಂದ. ಆಗ ಹೊರಗಿನವರು ಈ ಊರಲ್ಲಿ ರಾತ್ರಿ ಮಲಗುವಂತಿರಲಿಲ್ಲವಂತೆ. ಒಂದೋ ನದಿಯಲ್ಲಿ ದೋಣಿಯಲ್ಲೇ ಮಲಗಬೇಕು, ಇಲ್ಲವೇ ಪರಿಚಯದವರ ಮನೆಯಲ್ಲಿ ಇರಬೇಕು. ಆ ಮನೆಯವರು ಅವರಿಗೆ ಜಾಮೀನು ನಿಲ್ಲಬೇಕು. ಅವನು ಬರೆದ ಇನ್ನೊಂದು ಮಾತು ನನ್ನ ಮನಸ್ಸಲ್ಲಿ ಉಳಿದಿದೆ. ಇಲ್ಲಿ ಕುರುಡರು, ಅಂಗವಿಕಲರು ಕೂಡ ಬಣ್ಣ ಅರೆದು ಹೊಟ್ಟೆ ಹೊರೆಯುತ್ತಾರೆ ಅಂತ. ಕೆಲಸ ಅಷ್ಟೊಂದು ಕೈಗಳಿಗೆ ಹಂಚಿ ಹೋಗಿದ್ದರಿಂದಲೇ ಎಲ್ಲರಿಗೂ ಒಂದು ಜಾಗ ಸಿಗುತ್ತಿತ್ತು. ನನಗೂ ಸಿಕ್ಕಿದ್ದು ಹಾಗೇ ಅಂತ ನಾನು ನಂಬುತ್ತೇನೆ.

ಈಗ ದೋಣಿಯಲ್ಲಿ ಮಲಗುವ ಕಾಲ ಅಲ್ಲ. ಆದರೂ ಪರದೇಶದವರು ಬಾಡಿಗೆ ಮನೆಗೆ ಬಂದರೆ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕು. ನನ್ನ ಜೊತೆ ಠಾಣೆಗೆ ಬಂದವರು ಮನೆಯ ಒಡತಿ. ಅವರನ್ನು ಆಯಿ ಅಂತ ಕರೆಯುತ್ತೇನೆ. ಅವರು ಹುಡುಗಿಯಾಗಿದ್ದಾಗ ಸರ್ಕಾರಿ ಪಿಂಗಾಣಿ ಕಾರ್ಖಾನೆಯಲ್ಲಿ ಹೂ ಬರೆಯುತ್ತಿದ್ದರು. 1990ರ ದಶಕದಲ್ಲಿ ಊರಿನ ಸರ್ಕಾರಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಅವರ ಕೆಲಸ ಹೋಯಿತು. ಹುಟ್ಟಿದ ಊರಲ್ಲೇ ಎಷ್ಟೋ ವರ್ಷ ಏನು ಮಾಡಬೇಕೆಂದು ತೋಚದೆ ಕೂತಿದ್ದೆ ಅಂತ ಹೇಳುತ್ತಾರೆ. ನನಗೆ ಜ್ವರ ಬಂದಾಗ ಆಸ್ಪತ್ರೆಯ ಯಂತ್ರ ನನ್ನ ಪಾಸ್‌ಪೋರ್ಟ್ ನಂಬರ್ ತೆಗೆದುಕೊಳ್ಳಲಿಲ್ಲ. ಚೀನಾದ ಗುರುತಿನ ಚೀಟಿ ಮಾತ್ರ ಅದಕ್ಕೆ ಗೊತ್ತು. ಆಯಿ ಕೌಂಟರಿನ ಮುಂದೆ ನಿಂತು ಜಗಳ ಮಾಡಿ ಚೀಟಿ ಮಾಡಿಸಿದರು. ಆಮೇಲೆ ಗಂಜಿ ಮಾಡಿ ತಂದರು. ನಾನು ಸಸ್ಯಾಹಾರಿ ಅಂತ ನೆನಪಿಟ್ಟು ಬರೀ ಸೊಪ್ಪು ಹಾಕಿದ್ದರು.

ಕಷ್ಟ ಇಲ್ಲ ಅಂತಲ್ಲ, ಪುಟ್ಟಿ. ಚೀನೀ ಹೊಸ ವರ್ಷ ಬಂತೆಂದರೆ ಭಟ್ಟಿಗಳು ಆರುತ್ತವೆ. ಹೊರಗಿನಿಂದ ಬಂದ ಕೆಲಸದವರೆಲ್ಲ ತಮ್ಮ ತಮ್ಮ ಊರಿಗೆ ಹೋಗುತ್ತಾರೆ. ಇದ್ದವರು ಬಾಗಿಲು ಹಾಕಿಕೊಂಡು ತಮ್ಮವರೊಂದಿಗೆ ಊಟಕ್ಕೆ ಕೂರುತ್ತಾರೆ. ಆ ದಿನಗಳಲ್ಲಿ ನಿಮ್ಮನ್ನು ನೆನೆಸಿಕೊಂಡು ಅತ್ತಿದ್ದೇನೆ. ಆಯಿ ಊಟಕ್ಕೆ ಕರೆಯುತ್ತಾರೆ, ಹೋಗುತ್ತೇನೆ, ಆದರೆ ಅವರ ಮಕ್ಕಳ ನಡುವಿನ ನಗು ನನಗೆ ಅರ್ಥ ಆಗುವುದಿಲ್ಲ. ಪ್ರತಿ ಸಲ ವಾಸದ ಪರವಾನಗಿ ನವೀಕರಿಸುವಾಗ ಎದೆ ಡವಡವ ಅನ್ನುತ್ತದೆ. ಇದು ನನ್ನ ಊರು ಅಂತ ನಾನು ಯಾವತ್ತೂ ಹೇಳಲಾರೆ. ಈ ಊರಿನ ಕೆಲಸದಲ್ಲಿ ನನಗೊಂದು ಪಾಲಿದೆ, ಅಷ್ಟು ಹೇಳಬಲ್ಲೆ. ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದೇ. ನನ್ನನ್ನು ನೆಚ್ಚಿಕೊಂಡವರು ಕೆಲವರಿದ್ದಾರೆ, ನಾನು ನೆಚ್ಚಿಕೊಂಡವರು ಅದಕ್ಕಿಂತ ಜಾಸ್ತಿ ಇದ್ದಾರೆ.

ಹಂಪಿಯಲ್ಲಿ ಅಗೆದಾಗ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ, ಗೊತ್ತಲ್ಲ? ಇದನ್ನು ನಮ್ಮ ಶಿಫುಗೆ ಹೇಳಿದೆ. ಫೋಟೋ ಕಳಿಸು, ಅಂಚು ನೋಡಬೇಕು ಅಂತ ಹಠ ಹಿಡಿದಿದ್ದಾರೆ. ಅಪ್ಪನನ್ನು ಕರೆದುಕೊಂಡು ಹೋಗಿ, ಅಲ್ಲಿನ ಮ್ಯೂಸಿಯಂನಲ್ಲಿ ಇದ್ದರೆ ತೆಗೆದು ಕಳಿಸು.

ಪರೀಕ್ಷೆ ಮುಗಿದ ಮೇಲೆ ಬರುತ್ತೇನೆ ಅಂದೆಯಲ್ಲ, ಜೂನ್ ಬೇಡ. ಮಳೆ ಹಿಡಿದರೆ ಬಿಡುವುದಿಲ್ಲ, ಪಾತ್ರೆಗಳೂ ಒಣಗುವುದಿಲ್ಲ. ಅಕ್ಟೋಬರ್ ಒಳ್ಳೆಯದು, ಆದರೆ ಪಿಂಗಾಣಿ ಮೇಳದ ವಾರ ಬಿಟ್ಟು ಬಾ, ಆಗ ಕಾಲಿಡಲು ಜಾಗ ಇರುವುದಿಲ್ಲ. 2020ರಲ್ಲಿ ನಿಂತಿದ್ದ ನೇರ ವಿಮಾನ 2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತಾದಿಂದ ಗುವಾಂಗ್‌ಝೌಗೆ ಮತ್ತೆ ಶುರುವಾಗಿದೆ. ಅಲ್ಲಿಂದ ನಾನ್‌ಚಾಂಗ್ ನಗರ ದಾಟಿ ರೈಲಿನಲ್ಲಿ ಬರಬಹುದು. ಊಟದ ಚಿಂತೆ ಬೇಡ. ಇಲ್ಲಿಯವರು ನಮ್ಮಷ್ಟೇ ಖಾರ ತಿನ್ನುತ್ತಾರೆ. ಅಕ್ಕಿ ಹಿಟ್ಟಿನಲ್ಲಿ ಸೊಪ್ಪು ತುಂಬಿ ಬೇಯಿಸುವ ಜಿಯಾವ್‌ಜಿ ಬಾ ನಮ್ಮ ಕಡುಬಿನ ಹಾಗೇ ಇರುತ್ತದೆ. ಗುರೆಳ್ಳು ಚಟ್ನಿಪುಡಿ ಮಾತ್ರ ಎರಡು ಪೊಟ್ಟಣ ಜಾಸ್ತಿ ತಾ, ಆಯಿಗೆ ಕೊಡಬೇಕು. ನಿನ್ನ ಪಾಸ್‌ಪೋರ್ಟಿನ ಪ್ರತಿಯನ್ನು ಮೊದಲೇ ಕಳಿಸು. ಬಂದ ದಿನವೇ ಠಾಣೆಗೆ ಹೋಗಿ ನಿನ್ನ ಹೆಸರೂ ಬರೆಸೋಣ.

ನಿನ್ನ ಅವ್ವ